ಏಳರಲ್ಲಿ ಒಂದು

ಓಡಿಹೋದಳಂತೆ.
ಏಳು ಚರ್ಚೆಗಳಿಂದ, ಏಳು ಸಲ, ಬಾಲ ಮುದುರಿಕೊಂಡು.
ಡ್ವೈಟ್ ಲರಾಕ್ ಹೇಳಿದ್ದು ಶನಿವಾರ, ಮೀನುಗಾರರ ಸಂಘದ ತಿಂಡಿಯ ಹೊತ್ತಿಗೆ,
ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಪ್ಯಾನ್‌ಕೇಕಿನ ತಟ್ಟೆ.
ಸೋಮವಾರದ ಹೊತ್ತಿಗೆ ಊರಿಗೆ ಊರೇ ಅದನ್ನು ಅಗಿಯುತ್ತಿತ್ತು.

ಈ ‘ಅಂತೆ’ಯನ್ನು ಕಳಚುವುದು ನನ್ನ ಕೆಲಸ.
ಕಳಚಿದ ಮೇಲೆ ಒಳಗೇನಾದರೂ ಉಳಿದರೆ ಅಚ್ಚು ಹಾಕುವುದು.
ಸುಪೀರಿಯರ್ ಸರೋವರದ ದಂಡೆಗೆ ನಾಲ್ಕು ಸಾವಿರ ಜನರ ಊರು,
ವಾರಕ್ಕೊಮ್ಮೆ ಹೊರಡುವ ಹದಿನಾರು ಪುಟ,
ಆರನೆಯ ಪುಟದ ಎಡಗಡೆ ನನ್ನದು,
ಟಯರ್ ಅಂಗಡಿಯ ಜಾಹೀರಾತಿನ ನೆತ್ತಿಯ ಮೇಲೆ.

‘ಐದು ಗಂಟೆಯೊಳಗೆ ಬೇಕು,’ ಅಂದ ಗಾರ್ಡನ್ ಪೆಲ್ಕಿ,
‘ಸುಳ್ಳೋ ನಿಜವೋ, ಒಂದೇ ಮಾತಿನಲ್ಲಿ.’

ಮೊದಲು ರೇಡಿಯೋ.
ಟೇಪಿದೆ. ಐವತ್ತೆರಡು ನಿಮಿಷ. ಮಾರಿಟ್ ಸಾಲ್ಮೆಲಾ ಬಂದಿದ್ದಾಳೆ.
ಹತ್ತೊಂಬತ್ತನೆಯ ನಿಮಿಷಕ್ಕೆ, ಹಿಮ ಬಾಚುವ ಲಾರಿಯ ಬಗ್ಗೆ ಅವಳೇನೋ ಅಂದದ್ದಕ್ಕೆ
ಹೊಟ್ಟೆ ಹಿಡಿದು ನಗುತ್ತಿರುವವನು ಲರಾಕನೇ.
ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಒಳ್ಳೆಯ ನಗು.

ಎರಡು ಆಹ್ವಾನಗಳು ಆತನದೇ ಕಾಗದದ ಮೇಲೆ,
ಆತನೇ ಗೊತ್ತು ಮಾಡಿದ ದಿನ, ಆತನ ಭಾವಮೈದುನನ ದೋಣಿಮನೆ,
ಪ್ರಶ್ನೆ ಕೇಳುವವನೂ ಭಾವಮೈದುನನೇ.
ಒಂದರಲ್ಲಂತೂ ಚರ್ಚೆ ಮಂಗಳವಾರ;
ಲಕೋಟೆಯ ಮೇಲಿನ ಮುದ್ರೆ ಬುಧವಾರದ್ದು.

ಅಗ್ನಿಶಾಮಕದವರ ಹಾಲಿನಲ್ಲಿ ಬಾಯ್ಲರ್ ಕೆಟ್ಟಿತ್ತು.
ಆ ರಾತ್ರಿ ಅವಳೂ ಹೋಗಲಿಲ್ಲ, ಆತನೂ ಹೋಗಲಿಲ್ಲ,
ಬಾಗಿಲಿಗೆ ಅಂಟಿಸಿದ ಚೀಟಿಯೊಂದೇ ಹಾಜರು.

ಲೈಬ್ರರಿಯ ವರ್ನಾ ಸೊವಿನ್‌ಸ್ಕಿ ಡ್ರಾಯರು ಎಳೆದಳು,
ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿದಳು,
ಹಳದಿ ಹಾಳೆಯ ಮೇಲೆ ಬೆರಳಿಟ್ಟಳು:
ಸಾಲ್ಮೆಲಾ, ಬರುತ್ತೇನೆ, ನೀಲಿ ಶಾಯಿ.
ಲರಾಕ್, ಮುಂದೆ ಖಾಲಿ ಗೆರೆ.
‘ದಿನ ಬದಲಿಸಿ ಮತ್ತೆ ಕೇಳಿದೆ. ಮತ್ತೂ ಖಾಲಿ.
ಅದನ್ನೂ ಅವಳ ಲೆಕ್ಕಕ್ಕೇ ಬರೆದನೇನು?’
ಬರೆದಿದ್ದ. ಎರಡು ಸಲ.

ಆರು ಉದುರಿದವು.
ನನ್ನ ಮತ ಯಾರಿಗೆಂದು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ,
ಆದರೆ ‘ಸುಳ್ಳು’ ಎಂದು ಒತ್ತಲು ಬೆರಳು ಆಗಲೇ ತುರಿಸುತ್ತಿತ್ತು.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಂತೆ.
(ನೋಡಿ, ನಾನೂ ‘ಅಂತೆ’ ಅಂದೆ.)

ಹೈಸ್ಕೂಲಿನ ಜಿಮ್, ಸೆಪ್ಟೆಂಬರ್ ಇಪ್ಪತ್ತಾರು.
ಫೋಟೋದಲ್ಲಿ ಎರಡು ಕುರ್ಚಿ, ಎರಡು ನೀರಿನ ಬಾಟಲಿ,
ಒಂದರ ಮುಚ್ಚಳ ತೆರೆದಿಲ್ಲ.

ಅವಳಿಗೆ ಫೋನ್ ಮಾಡಿದೆ. ಜ್ವರವಿತ್ತೇ? ಕಾರು ಕೆಟ್ಟಿತ್ತೇ?
ನಾನೇ ಕಾರಣಗಳನ್ನು ಹಾಸಿಕೊಡುತ್ತಿದ್ದೆ,
ಜಾರುವ ಮೆಟ್ಟಿಲಿಗೆ ಬೂದಿ ಚೆಲ್ಲುವ ಹಾಗೆ.
ಅವಳು ಅದರ ಮೇಲೆ ಕಾಲಿಡಲಿಲ್ಲ.
‘ಕಾಗದದ ಗಿರಣಿ ಮುಚ್ಚಿ ಆಗ ಎಂಟು ದಿನ.
ಮುಂದಿನ ಸಾಲಿನಲ್ಲಿ ಅಲ್ಲಿಯವರೇ ಕೂತಿರುತ್ತಾರೆಂದು ಗೊತ್ತಿತ್ತು.
ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.
ಪಾರ್ಕಿಂಗಿನವರೆಗೆ ಬಂದೆ. ದೀಪ ಆರಿಸಿ ಕಾರಿನಲ್ಲೇ ಕೂತೆ. ವಾಪಸು ಹೋದೆ.
ಬರೆದುಕೊ.’

ಬರೆದುಕೊಂಡೆ.
ಮೊರದ ತುಂಬ ಕಲ್ಲು, ನಡುವೆ ಒಂದೇ ಒಂದು ಅಕ್ಕಿಕಾಳು;
ಕೇರಿ ಎಸೆಯುವ ಹಾಗಿಲ್ಲ.

ಗಾರ್ಡನ್ ಕೇಳಿದ್ದು ಒಂದು ಮಾತು. ನಾನು ಕೊಟ್ಟದ್ದು ಒಂದು ಅಂಕಿ.
ಏಳಲ್ಲ. ಸೊನ್ನೆಯೂ ಅಲ್ಲ.
ಗುರುವಾರ ಪತ್ರಿಕೆ ಬಂತು, ಶುಕ್ರವಾರ ಎರಡೂ ಕಡೆಯವರು ಬೈದರು,
ಮುಂದಿನ ವಾರ ಅದೇ ಪುಟದಲ್ಲಿ ನನ್ನದೊಂದು ತಿದ್ದುಪಡಿ:
ಸೊವಿನ್‌ಸ್ಕಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು.

ನಿನ್ನೆ ಪೆಟ್ರೋಲ್ ಬಂಕಿನಲ್ಲಿ, ಗಲ್ಲಾದ ಹಿಂದಿನವನು
ನನ್ನ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿ,
ಒಂದು ಸೆಂಟೂ ಆಚೀಚೆಯಾಗದಂತೆ ಅಂಗೈಗಿಟ್ಟು ಅಂದ:
‘ಆ ಸಾಲ್ಮೆಲಾ, ಏಳು ಸಲ ಓಡಿದವಳಲ್ಲವಾ?’
‘ಒಂದು,’ ಅಂದೆ.
‘ಏನೊಂದು?’
‘ಒಂದು ಸಲ.’
ಕಿಟಕಿಯಾಚೆ ಅದಿರಿನ ಹಡಗೊಂದು ಕೊಲ್ಲಿ ದಾಟುತ್ತಿತ್ತು, ನಿಧಾನಕ್ಕೆ.
ಆತ ಅತ್ತ ನೋಡಿದ, ನನ್ನನ್ನು ನೋಡಿದ, ಭುಜ ಹಾರಿಸಿದ.
‘ರಸೀದಿ ಬೇಕಾ?’

ಬೇಕು ಅಂದೆ.